ಹನ್ನೆರಡು ಬಾಕಿ

ಪಾನ್ ಕಾಯೆತಾನ್ ಬಂದದ್ದು ಮಂಗಳವಾರ,
ಮೀನಂಗಡಿಯ ಚೀಲದಲ್ಲಿ ನೂರೆಂಬತ್ತು ಪುಟ ಹಿಡಿದು.
ಬಿದ್‌ಗೊಷ್ಚ್ ಕಾಲುವೆಯಲ್ಲಿ ದೋಣಿಗಳನ್ನು ಎತ್ತಿ ಇಳಿಸುವ
ನೀರಿನ ಕೋಣೆಗಳ ಕೈಪಿಡಿ.
ಮೂವತ್ತೊಂದು ವರ್ಷ ಅವುಗಳ ಕದ ತೆಗೆದು ಹಾಕಿದವರು
ಕುರ್ಚಿಯ ತುದಿಯಲ್ಲಷ್ಟೇ ಕೂತರು.
"ಅಕ್ಷರ ಹೇಗಾದರೂ ಇರಲಿ, ಪಾನಿ ಇಡಾ,
ಚಿತ್ರ ಸರಿಯಿರಬೇಕು."

ನನ್ನ ಮೇಜಿನ ಮೇಲೆ ಅಳತೆಪಟ್ಟಿಯಿಲ್ಲ, ಕೈವಾರವಿಲ್ಲ.
ಗೆರೆ ಎಲ್ಲಿರಬೇಕೆಂದು ಬರೆದು ತಿಳಿಸುತ್ತೇನೆ, ಭಾಷೆ ಎಳೆಯುತ್ತದೆ.
ಬಿಂದು ಒಂದು: ಎಡಗೋಡೆಯಲ್ಲಿ ಕದ ತಿರುಗುವ ಕೀಲು.
ಬಿಂದು ಎರಡು: ಎದುರಿಗೆ, ಒಂಬತ್ತು ಮೀಟರ್ ಅರವತ್ತರಾಚೆ.
ಸಾಲಿನ ಕೊನೆಗೊಂದು ಅರ್ಧವಿರಾಮ. ಅದನ್ನು ಮರೆತರೆ
ಮುಂದಿನ ಸಾಲನ್ನೂ ಒಳಗೆಳೆದುಕೊಂಡು
ಎಲ್ಲ ಕಲಸುಮೇಲೋಗರ.

ಈ ಭಾಷೆಯಲ್ಲಿ ನನಗೆ ಇಷ್ಟವಾದ ಒಂದು ಪದವಿದೆ,
'ಏನಾದರಾಗಲಿ' ಎನ್ನುವ ಅರ್ಥದ್ದು.
ಎಷ್ಟು ದೂರವೋ ನನಗೆ ಗೊತ್ತಿಲ್ಲ,
ಬಿಂದು ಈ ಗೆರೆಯ ಮೇಲೆಲ್ಲೋ ಇದೆ,
ಆ ಗೆರೆಯ ಮೇಲೂ ಎಲ್ಲೋ ಇದೆ,
ಏನಾದರಾಗಲಿ, ಎಂದರೆ ಸಾಕು,
ಎರಡೂ ಕೂಡುವ ಜಾಗವನ್ನು ತಾನೇ ಹುಡುಕಿ
ಚುಕ್ಕಿಯಿಟ್ಟು ಕೊಡುತ್ತದೆ.
ನನ್ನ ಮದುವೆಯನ್ನೂ ಯಾರಾದರೂ ಹೀಗೆ ಬರೆದಿದ್ದರೆ
ಎಂದು ಒಮ್ಮೆ ಅನ್ನಿಸಿತ್ತು. ಇರಲಿ.

ಎರಡು ಕದ. ಮುಚ್ಚಿದಾಗ ಮೇಲಿನ ನೀರಿನತ್ತ ಮೂತಿ ಚಾಚಿ
ಒಂದಕ್ಕೊಂದು ಆತು ನಿಲ್ಲುತ್ತವೆ;
ನೀರು ತಳ್ಳಿದಷ್ಟೂ ಬಿಗಿ.
ಕದದುದ್ದ ಕೊಟ್ಟೆ. ಕೋನ ಕೊಟ್ಟೆ, ಹದಿನೆಂಟು ಡಿಗ್ರಿ.
ಅಗಲ ಮೊದಲೇ ಕೊಟ್ಟಾಗಿತ್ತು.
ಪರದೆಯ ಮೇಲೆ ಒಂದೇ ಸಾಲು:
ಸಮೀಕರಣ ತಾಳೆಯಾಗುತ್ತಿಲ್ಲ. ಹನ್ನೆರಡು ಬಾಕಿ.

ಅರ್ಧವಿರಾಮಗಳನ್ನೆಲ್ಲ ಎಣಿಸಿದೆ.
ಅಳಿಸಿ ಮೊದಲಿಂದ ಬರೆದೆ.
ಹನ್ನೆರಡು ಬಾಕಿ.
ಸಾಲ ವಸೂಲಿಗೆ ಬಂದವನಂತೆ ಬಾಗಿಲಲ್ಲೇ ನಿಂತಿತು.

ಶುಕ್ರವಾರ ಹಳೆಯ ನಕ್ಷೆ ತರಿಸಿಕೊಂಡೆ.
ಮೇಣಬಟ್ಟೆಯ ಮೇಲೆ ಮಸಿ, ಎಂಬತ್ತನೇ ಇಸವಿ,
ಮೂಲೆಯಲ್ಲಿ ಸಣ್ಣಗೆ: ಬೊಗ್ನಾ ಶ್.
ಭೂತಗನ್ನಡಿ ಇಟ್ಟು ನೋಡಿದೆ.
ಬಲಗದ ಗೋಡೆಗೆ ತಾಗುವಲ್ಲಿ ಅವಳ ಗೆರೆ
ಒಂದು ಕೂದಲೆಳೆ ದಪ್ಪವಾಗಿದೆ,
ಸಾಲದ್ದಕ್ಕೆ ನೆರಳಿನ ಗೀಟು ಒತ್ತೊತ್ತಾಗಿ.
ಹನ್ನೆರಡು ಸೆಂಟಿಮೀಟರು ಆ ನೆರಳಿನಲ್ಲಿ
ಮೂವತ್ತೈದು ವರ್ಷ ಉಸಿರು ಹಿಡಿದು ಕೂತಿದೆ.

ಮಸಿಗೆ ದಾಕ್ಷಿಣ್ಯವಿತ್ತು.
ನನ್ನ ಭಾಷೆಗೆ ಅದನ್ನು ಯಾರೂ ಕಲಿಸಿಲ್ಲ.

ಫೋನಿನಲ್ಲಿ ಹೇಳಿದೆ. ಆ ಕಡೆ ಬಹಳ ಹೊತ್ತು
ಚಹಾ ಲೋಟದಲ್ಲಿ ಚಮಚ ತಿರುಗುವ ಸದ್ದು.
"ಬಲಗೋಡೆ ಒಳಕ್ಕೆ ವಾಲಿದೆ," ಎಂದರು ಕೊನೆಗೆ.
"ಆ ಚಳಿಗಾಲ ಹೆಪ್ಪುಗಟ್ಟಿದ ಮಣ್ಣು ನೂಕಿದ್ದು.
ಹೊಸ ಕದ ಮಾಡಿಸುವಾಗ ನಾನೇ ಅಳೆದೆ,
ಒಂದಿಷ್ಟು ಗಿಡ್ಡ ಮಾಡಿಸಿದೆ, ಸರಿಹೊಂದಿತು.
ಬರೆದು ತಿಳಿಸಿದ್ದರೆ ಕೋಣೆ ಮುಚ್ಚಿಸುತ್ತಿದ್ದರು.
ಬೊಗ್ನಾಳಿಗೊಬ್ಬಳಿಗೆ ಹೇಳಿದ್ದೆ. ಅವಳು ಏನೂ ಕೇಳದೆ
ಪೆನ್ನನ್ನು ಮಸಿಯಲ್ಲಿ ಅದ್ದಿದಳು."

ಒಂಬತ್ತು ಅರವತ್ತನ್ನು ನಲವತ್ತೆಂಟು ಮಾಡಬಹುದಿತ್ತು.
ಎರಡಂಕಿ ತಿದ್ದಿದರೆ ಬಾಕಿ ತೀರುತ್ತಿತ್ತು,
ಗೋಡೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುತ್ತಿತ್ತು.
ಬೆರಳು ಕೀಲಿಯ ತನಕ ಹೋಗಿ ಬಂತು.
ಆಮೇಲೆ ಬಿಂದು ಮೂರು ಬರೆದೆ.
ಕಟ್ಟಿದವರು ಗೋಡೆ ನಿಲ್ಲಿಸಿದ ಜಾಗಕ್ಕೆ ಮುರಿಗೆರೆ,
ಅದೀಗ ನಿಂತ ಜಾಗಕ್ಕೆ ತುಂಬುಗೆರೆ,
ನಡುವೆ ಎರಡು ಪುಟ್ಟ ಬಾಣ, ಮೇಲೆ 12.
ಕದಗಳು ಸದ್ದಿಲ್ಲದೆ ಮುಚ್ಚಿಕೊಂಡವು.

ಕರಡು ನೋಡಲು ಬಂದ ಪಾನ್ ಕಾಯೆತಾನ್
ಕನ್ನಡಕ ಹಣೆಗೇರಿಸಿ ಮುರಿಗೆರೆಯ ಮೇಲೆ ಬೆರಳಿಟ್ಟರು,
ಹೊಳೆ ದಾಟುವವರು ಕಲ್ಲಿಂದ ಕಲ್ಲಿಗೆ ಕಾಲಿಡುವ ಹಾಗೆ
ತುಂಡಿನಿಂದ ತುಂಡಿಗೆ ಸರಿದರು.
"ಚಿತ್ರದ ಕೆಳಗೆ ಹೆಸರು ಹಾಕುತ್ತಾರಾ?"
"ಹಾಕಬಹುದು."
"ಹಾಗಾದರೆ ಅವಳದ್ದು ಹಾಕಿ."

ಶ್ ಎಂದರೆ ಏನೆಂದು ಕೇಳಿದೆ.
ಅಕ್ಷರ ಅಕ್ಷರ ಬಿಡಿಸಿ ಹೇಳಿದರು.
ನಾನು ಒತ್ತುತ್ತ ಹೋದೆ,
ಕೊನೆಗೆ ಮರೆಯದೆ ಒಂದು ಅರ್ಧವಿರಾಮ;