ಹೆಪ್ಪು

ಡಿಸೆಂಬರ್. ರೋರೋಸ್. ಬಾಗಿಲ ಪಕ್ಕದ ಮಾಪಕದಲ್ಲಿ
ಮೈನಸ್ ಇಪ್ಪತ್ತಾರು.
ಬೆಳಗಿನ ಐದೂವರೆಗೂ ಸಂಜೆಯ ಐದೂವರೆಗೂ
ಇಲ್ಲಿ ಒಂದೇ ಬಣ್ಣ.

ರಾತ್ರಿಯೇ ಬೂಟುಗಳನ್ನು
ಒಲೆಯ ಬಳಿ ಜೋಡಿಸಿಟ್ಟಿದ್ದೆ, ಮೂತಿ ಬಾಗಿಲಿಗೆ.
ಬೆಳಗಿನ ನಾನು ನಂಬಿಕಸ್ತಳಲ್ಲವೆಂದು
ರಾತ್ರಿಯ ನನಗೆ ಗೊತ್ತು.
ಅವಳು ನೆಪಗಳ ಖಜಾಂಚಿ:
ಮೊಣಕಾಲು ಚುಳ್ ಅಂದಿತಲ್ಲ,
ತಲೆದೀಪದ ಬ್ಯಾಟರಿ ಅರ್ಧವೇ ಇದೆಯಲ್ಲ,
ಜುಲೈ ಇನ್ನೂ ಏಳು ತಿಂಗಳು ಆಚೆಗಿದೆಯಲ್ಲ.

ವಾದ ಮಾಡಲಿಲ್ಲ. ಲೇಸು ಕಟ್ಟಿದೆ.

ಹೊರಗೆ, ಮೊದಲ ಉಸಿರಿಗೇ
ಮೂಗಿನೊಳಗೊಂದು ಮುಳ್ಳಿನ ಪೊದೆ.
ಒಣ ಹಿಟ್ಟನ್ನು ಮುಷ್ಟಿಯಲ್ಲಿ ಹಿಸುಕಿದ ಹಾಗೆ
ಕಾಲಡಿಯಲ್ಲಿ ಕಿರ್ರೆನ್ನುವ ಹಿಮ.
ಮಣಿಕಟ್ಟಿನ ಗಡಿಯಾರಕ್ಕೆ ಬರುವುದೊಂದೇ ಪಾಠ:
ಎದೆಬಡಿತ ನೂರಾ ಮೂವತ್ತೆಂಟು ದಾಟಕೂಡದು.
ದಾಟಿದರೆ ಕೂಗುತ್ತದೆ, ತಾಯಿ ತಪ್ಪಿದ ಕೋಳಿಮರಿಯಂತೆ.
ಆಗ ನಡೆಯಬೇಕು. ಏರು ಬಂದರೆ ನಡೆ,
ಎದುರುಗಾಳಿಗೆ ನಡೆ, ಸಿಟ್ಟು ಬಂದರೂ ನಡೆ,
ಸಿಟ್ಟಿಗೂ ಏರುತ್ತದೆ ಬಡಿತ.

ಓಟಗಾರ್ತಿಯೆಂದು ಊರಿಗೆಲ್ಲ ಹೆಸರು.
ಚಳಿಗಾಲದ ನನ್ನ ಓಟ ನೋಡಿದವರು
ಕಾಲಿಗೇನಾಯಿತು ಎಂದು ಕೇಳುತ್ತಾರೆ.

ತಾಮ್ರದ ಕಿಟ್ಟದ ದಿಬ್ಬದ ಕೆಳಗೆ, ಇವತ್ತೂ,
ಬೆನ್ನ ಹಿಂದೆ ಕಬ್ಬಿಣ ಜಾರುವ ಸದ್ದು.
ಗುನ್ವೋರ್. ವಯಸ್ಸು ಎಂಬತ್ತೊಂದು.
ಒದೆಬಂಡಿಯ ಹಳಿಯ ಮೇಲೊಂದು ಕಾಲು,
ಇನ್ನೊಂದರಿಂದ ನೆಲವನ್ನು ಹಿಂದಕ್ಕೊದೆಯುತ್ತ,
ತಮ್ಮನ ಮಗನ ಕೊಟ್ಟಿಗೆಯ ಹಾಲಿನ ಕ್ಯಾನನ್ನು
ಮುಂದೆ ಮಗುವಿನ ಹಾಗೆ ಕೂರಿಸಿಕೊಂಡು
ನನ್ನನ್ನು ದಾಟಿ ಹೋದಳು.
ಹೋಗುವಾಗ ಟೋಪಿ ಎತ್ತಿದಳು.
ಗಡಿಯಾರ ಕೂಗಿತು.

ಹೋದ ಜುಲೈ. ನೂರಾ ಅರವತ್ತರಲ್ಲಿ
ನೂರಾ ಹದಿನೆಂಟನೆಯ ಕಿಲೋಮೀಟರು.
ಬಂಡೆಯೊಂದರ ಮೇಲೆ ಕೂತು ಬೂಟು ಬಿಚ್ಚಿದೆ.
ಕಾಲು ಮುರಿದಿರಲಿಲ್ಲ, ಮಳೆ ಬಂದಿರಲಿಲ್ಲ.
ಹೊರಟಾಗಲೇ ಭುಗಿಲೆಂದವಳ ಒಳಗೆ
ಉರಿಯಲು ಕಡ್ಡಿ ಉಳಿದಿರಲಿಲ್ಲ, ಅಷ್ಟೆ.
ಚೌಕಿಯ ಹುಡುಗ ಬಂದು
ಎದೆಯ ನಂಬರಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದ.
ಅವನ ಕೈ ಬೆಚ್ಚಗಿತ್ತು.
ಅದೇ ಹೆಚ್ಚು ನೋಯಿಸಿತು.

ವಾಪಸು ಬರುವಾಗ ಗುನ್ವೋರಳ ಕಿಟಕಿಯಲ್ಲಿ ದೀಪ.
ಕರೆದಳು. ರೆಪ್ಪೆಯ ಮಂಜು ಕರಗಿ
ಅವಳು ಕೊಟ್ಟ ಕಾಫಿಗೇ ತೊಟ್ಟಿಕ್ಕಿತು.
ಒಲೆಯಿಂದ ಒಂದು ಮೊಳ ದೂರದಲ್ಲಿ
ಬಟ್ಟೆ ಹೊದ್ದ ಬೋಗುಣಿ.
ಏನೆಂದು ಅಂಚು ಎತ್ತಹೋದೆ,
ಕೈಯ ಮೇಲೆ ಮರದ ಚಮಚೆಯ ಏಟು.
"ಹೆಪ್ಪು ಹಾಕಿದ್ದೀನಿ. ಅಲ್ಲಾಡಿಸಬೇಡ."

ನಿನ್ನೆಯದೊಂದು ಚಮಚೆ ಇವತ್ತಿಗೆ,
ಇವತ್ತಿನದೊಂದು ಚಮಚೆ ನಾಳೆಗೆ,
ಅವಳಮ್ಮನ ಕಾಲದಿಂದ ಅದೇ ಹೆಪ್ಪು.
"ಬಿಸಿ ಮುಂದಾದರೆ ಒಡೆಯುತ್ತೆ.
ಗಳಿಗೆಗೊಮ್ಮೆ ಇಣುಕಿದರೆ ನೀರಾಗುತ್ತೆ.
ಯಾವ ಹೊತ್ತಲ್ಲಿ ಗಟ್ಟಿಯಾಗುತ್ತೋ,
ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ನೋಡಿಲ್ಲ."

ಓಟದ ಮಾತು ಅವಳೆತ್ತಲಿಲ್ಲ.
ಅವಳ ಪಾಲಿಗೆ ಓಟವೆಂದರೆ
ಬಸ್ಸು ತಪ್ಪಿಸಿಕೊಂಡವರ ಕೆಲಸ.

ಹೊರಬಂದರೆ ಕತ್ತಲು ಹಾಗೇ ಇತ್ತು.
ಕೆರೆಗೂ ಯಾರೋ ಹೆಪ್ಪು ಹಾಕಿ
ಮೇಲೊಂದು ಬಿಳಿ ಬಟ್ಟೆ ಮುಚ್ಚಿ ಹೋಗಿದ್ದರು.
ಗಡಿಯಾರದ ಮೇಲೆ ತೋಳೆಳೆದುಕೊಂಡೆ.
ಮನೆಯವರೆಗೆ ಅದನ್ನು ನೋಡಲಿಲ್ಲ.
ಕೂಗಿತೋ ಇಲ್ಲವೋ,
ಹಿಮದ ಕಿರ್ರಿನಲ್ಲಿ ಕೇಳಿಸಲಿಲ್ಲ.

ಏಳೂಕಾಲಿಗೆ ಶಾಲೆಯ ಬಸ್ಸು ಬಿಸಿ ಮಾಡಿ
ಸ್ಟೇರಿಂಗಿಗೆ ಕೈಯಿಟ್ಟು ಕೂತೆ. ಬಿಸಿಗಾಳಿಗೆ
ತೊಡೆಗಳು ತುರಿಸುತ್ತಿದ್ದವು.
ಮುಂದಿನ ಸೀಟಿನ ಏಳು ವರ್ಷದ ಈವರ್
ದಿನವೂ ಕೇಳುವುದನ್ನೇ ಕೇಳಿದ:
ಇವತ್ತು ಓಡಿದೆಯಾ?
ಓಡಿದೆ.
ಗೆದ್ದೆಯಾ?
ಇಲ್ಲ.
ಮತ್ಯಾರು ಗೆದ್ದರು?

ಗುನ್ವೋರ್, ಎಂದೆ. ಗೇರು ಹಾಕಿದೆ.