ಇಮಾಂಬಿಯ ಪಟ್ಟಿ

ಗುಳೇದಗುಡ್ಡದ ಬಜಾರಿನ ಹಿಂದಿನ ಓಣಿಯಲ್ಲಿ
ಇಮಾಂಬಿಯ ಹೊಲಿಗೆ ಮಷೀನು.
ಎಣ್ಣೆ ಹತ್ತಿದ ಅವಳ ಅಳತೆ ಪಟ್ಟಿಯೊಳಗೆ
ಯಾರದೂ ಹೆಸರಿಲ್ಲ:
ಒಂದು ಗುಬ್ಬಿ, ಒಂದು ಕುಡುಗೋಲು, ಬಳೆ, ಒಲೆ,
ಪಕ್ಕದಲ್ಲಿ ಎದೆ, ತೋಳು, ಬೆನ್ನಿನ ಅಂಕಿ.
ನಾನು ಲವಂಗ. ಮದುವೆಗೆ ಮೊದಲಿನಿಂದಲೂ ಲವಂಗ.

ಯಾರಿಗೆ ಬ್ಯಾಸಿಗೆಯಲ್ಲೂ ಉದ್ದ ತೋಳು ಬೇಕಾಯಿತು,
ಯಾರ ಕುಪ್ಪಸದ ಎಡಗಡೆ ಅರಿವೆ ತುಂಬಿ ಹೊಲಿಯಬೇಕು
ದವಾಖಾನೆಯಿಂದ ಬಂದ ಮೇಲೆ,
ಟೇಪಿಗೆ ಗೊತ್ತು.
ಟೇಪನ್ನು ಕೊರಳಿಗೆ ಹಾಕಿಕೊಂಡು
ಅವಳು ತುಟಿಯಲ್ಲಿ ಸೂಜಿ ಕಚ್ಚಿರುತ್ತಾಳೆ.
ಸೂಜಿ ಕಚ್ಚಿದ ಬಾಯಿ ಮಾತಾಡುವುದಿಲ್ಲ.

ಮೊನ್ನೆ ಖಣ ಒಯ್ದೆ.
ಟೇಪು ಎದೆ ಸುತ್ತಿ ಬಂತು, ನಿಂತಿತು.
ಅರ್ಧ ಇಂಚು ಹೆಚ್ಚು.
ಇಮಾಂಬಿ ನನ್ನ ಮುಖ ನೋಡಲಿಲ್ಲ.
"ಒಳಗ ಮಡಿಕಿ ಬಿಡ್ತೀನಿ, ಮುಂದ ಬಿಚ್ಚಾಕ ಬರ್ತದ."
ಅಷ್ಟೆ.

ಗಂಡನಿಗೂ ಹೇಳಿರಲಿಲ್ಲ ನಾನು.
ಹೋದ ಸಲ ಎಲ್ಲರಿಗೂ ಹೇಳಿದ್ದೆ;
ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬಂದು
ಸಮಾಧಾನ ಹೇಳಿ, ಚಾ ಕುಡಿದು ಹೋಗಿದ್ದರು.

ರಾತ್ರಿ ಫೋನು ತೆಗೆದರೆ
ತೊಟ್ಟಿಲು. ಕುಲಾವಿ. ಹಲ್ಲಿಲ್ಲದೆ ನಗುವ ಯಾರದೋ ಕೂಸು.
ಒಂದೇ ಒಂದು ಸಲ ಕೇಳಿದ್ದೆ ಅದನ್ನ,
ಬಚ್ಚಲ ಬಾಗಿಲು ಹಾಕಿಕೊಂಡು,
ಮುಂಜಾನೆಯ ಓಕರಿಕೆಗೆ ಏನು ತಿನ್ನಬೇಕೆಂದು.

ಅತ್ತೆಯ ಫೋನಿಗೂ ನಮ್ಮದೇ ವೈಫೈ.
ಜೋಳದ ಹಿಟ್ಟಿನ ಕೈ ಸೆರಗಿಗೆ ಒರೆಸಿ,
ಚಾಳೀಸು ಏರಿಸಿ ಕೇಳಿದರು:
"ಯವ್ವಾ, ನನಗ್ಯಾಕ ತೊಟ್ಟಲಾ ಬರಾಕತ್ತಾವ?"

ನಾನು ಬಾಯೊಳಗೆ
ಸೂಜಿ ಹುಡುಕಿದೆ.