ಯಾರ ಪೈಕಿ?

ಬೈತಖೋಲ ಬಂದರಿನಲ್ಲಿ, ಬಲೆ ಹೊಲಿಯುವ ಕಟ್ಟೆಯ ಹಿಂದೆ
ಭರತ-ಇಳಿತ ಅಳೆಯುವ ಕೋಣೆ.
ಒಂದು ಮೇಜು, ಒಂದು ಫ್ಯಾನು, ಗೋಡೆಗೂ ಹಿಡಿದ ಬಂಗಡೆ ವಾಸನೆ,
ಮಣೆಯಷ್ಟು ದಪ್ಪದ ಲ್ಯಾಪ್‌ಟಾಪು.
ಅದರ ಎಡ ಪಕ್ಕೆಯಲ್ಲಿ ಒಂದು ಸೀಳು.

ವಾರಕ್ಕೊಮ್ಮೆ ದಕ್ಕೆಯ ಕಂಬದ ಪೆಟ್ಟಿಗೆಯಿಂದ
ಕಾರ್ಡು ಬಿಚ್ಚಿ ತರುತ್ತೇನೆ,
ಏಳು ದಿನದ ಸಮುದ್ರ ಸೆರಗಿನ ಗಂಟಿನಲ್ಲಿ.
ಅರವತ್ತೆಂಟು ತೂತುಗಳ ಉಪ್ಪು ಊದಿ,
ಸೀಳಿಗೆ ತೂರಿಸಿ, ಉಸಿರು ಹಿಡಿದು ಕಾಯುತ್ತೇನೆ.
ಬೀಪ್.
ಬೀಪ್.
ಎರಡೂ ಎತ್ತರದ ದನಿಯಾದರೆ ಗೆದ್ದೆ.

ಕೂಗಿದ್ದು ಯಾರು? ಪರದೆಯ ಮೇಲೆ ಯಾರೂ ಇಲ್ಲ.
ಹುಬ್ಬಳ್ಳಿಯಿಂದ ಬಂದ ಇಂಜಿನಿಯರು ಅದಕ್ಕೆ ಡೀಮನ್ ಅಂದಾಗ
ಸಿಪಾಯಿ ಪುರಸು ಗುನಗಿ ಚಾ ಲೋಟ ಕೆಳಗಿಟ್ಟ.
"ಅಂದ್ರೆ ಭೂತವೇ?"
"ಭೂತ ಎಲ್ಲಿಂದ ಬಂತು ಮಾರಾಯ! ಕಾಣದ ಹಾಗೆ ಹಿಂದೆ ಕೂತು
ಬಾಗಿಲು ಕಾಯ್ತದೆ, ಅಷ್ಟೇ."
"ಮತ್ತೆ ನಮ್ಮೂರ ಜಟಗ ಎಂತ ಮಾಡ್ತಾನೆ?"

ಮರುದಿನದಿಂದ ಸೀಳಿನ ಪಕ್ಕ ಒಂದು ಅಬ್ಬಲಿ ಹೂವು.
ನಾನು ತೆಗೆಯಲಿಲ್ಲ.

ಹೊಸಬರು ಹೊಸ್ತಿಲು ತುಳಿದರೆ ಸಾಕು,
ನಮ್ಮ ಕಡೆಯ ಅಜ್ಜಿಯರಂತೆ ಕೇಳುತ್ತದೆ ಅದು:
ಯಾವೂರು? ಯಾರ ಪೈಕಿ?
ಕಾರ್ಡು ತನ್ನ ವಂಶಾವಳಿ ಒಪ್ಪಿಸುತ್ತದೆ,
ಹೆತ್ತ ಕಂಪನಿ, ಹುಟ್ಟಿದ ವರ್ಷ, ಹೊಟ್ಟೆಯ ಅಳತೆ.
ಒಳಗಿನ ಪಟ್ಟಿಯಲ್ಲಿ ಹೆಸರು ಸಿಕ್ಕರೆ
ಕೂರಲು ಜಾಗ, ಮಾತಿಗೊಬ್ಬ ದುಭಾಷಿ,
ಕರೆಯಲು ಒಂದು ನಂಬರು.
ಸಿಗದಿದ್ದರೆ ಎರಡನೆಯ ಬೀಪು ತಗ್ಗಿನಲ್ಲಿ,
ಗಂಟಲು ಕಟ್ಟಿದ ಹಾಗೆ.
ಬಯ್ಯುವುದಿಲ್ಲ. ಹೊರಗೆ ದೂಡುವುದೂ ಇಲ್ಲ.
ಗುರುತು ಸಿಗಲಿಲ್ಲ ತಂಗಿ, ಅನ್ನುತ್ತದೆ.

ಬರುವವರದ್ದು ಸಲೀಸು.
ತಂಟೆಯೆಲ್ಲ ಹೊರಡುವವರದ್ದು.
ನಮ್ಮಲ್ಲಿ ಹೋಗ್ತೇನೆ ಅನ್ನುವ ಹಾಗಿಲ್ಲ,
ಬರ್ತೇನೆ ಅನ್ನಬೇಕು, ಅಂದ ಮೇಲೂ
ಚಪ್ಪಲಿ ಮೆಟ್ಟಿ ಅರ್ಧ ಗಂಟೆ ಮಾತಾಡಬೇಕು.
ಅದಕ್ಕೂ ಅದೇ ಬೇಕು.
ಬರೆಯುತ್ತಿರುವ ಸಾಲು ಮುಗಿಸಲು, ಹಾಸಿದ್ದು ಮಡಚಲು
ಒಂದು ಗಳಿಗೆ ಪುರುಸೊತ್ತು.

ನನ್ನ ಮುಂಚಿನ ದತ್ತಾರಾಮ ಬಾನಾವಳಿಕರರಿಗೆ
ಆ ಪುರುಸೊತ್ತಿರಲಿಲ್ಲ.
ಸದಾಶಿವಗಡದ ಬಸ್ಸು ಹಾರ್ನ್ ಹಾಕಿತೆಂದು
ಹಲ್ಲು ಕಿತ್ತ ಹಾಗೆ ಕಿತ್ತರು ಒಮ್ಮೆ.
ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಅವರ ಅಕ್ಷರ ಇನ್ನೂ ಇದೆ:
"ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂಕಾಲರವರೆಗೆ
ಸಮುದ್ರ ಇಲ್ಲ."

ಎಷ್ಟು ಸಲ ಓದಿದ್ದೇನೋ ಆ ಸಾಲು.
ಅಷ್ಟು ಹೊತ್ತು ಕೂರ್ಮಗಡ ಯಾವುದರ ನಡುವೆ ನಿಂತಿತ್ತು?
ಪಾತಿ ದೋಣಿಗಳ ಕೆಳಗೆ ಎಂತ ಇತ್ತು?
ಲೆಕ್ಕ ಹಾಕಿ ನೋಡಿದೆ, ಆ ಮಂಗಳವಾರ ನಾನು
ಶಿರಸಿಯಲ್ಲಿ ಟೈಪಿಂಗ್ ಪರೀಕ್ಷೆ ಬರೆಯುತ್ತಿದ್ದೆ,
ಮೂರು ತಪ್ಪು.
ಆ ಮೂರೂ ಎಲ್ಲೋ ಭದ್ರವಾಗಿವೆ,
ಕಡಲಿನದ್ದು ಮಾತ್ರ ಹೋಯಿತು.

ಈಗ ಹೊಸ ಪೆಟ್ಟಿಗೆ ಬಂದಿದೆ. ಸೀಳಿಲ್ಲ.
ನೀರಿನ ಮಟ್ಟವನ್ನು ಗಳಿಗೆಗೊಮ್ಮೆ ಗಾಳಿಯಲ್ಲೇ ಕಳಿಸುತ್ತದಂತೆ,
ಯಾರಿಗೆ ಅಂತ ನಮಗೆ ಹೇಳಲಿಲ್ಲ.
ಹಳೆಯದನ್ನು ನಿಲ್ಲಿಸಿ ಅಂದರು.
ಕಾರ್ಡಿಗೆ ಏಳು ಎಂದು ಟೈಪಿಸಿದೆ,
ಎದ್ದಿತು, ಒಂದು ಬೀಪು.
ಆಮೇಲೆ ಕಾವಲಿನವನಿಗೂ ಟೈಪಿಸಿದೆ.

ಇಷ್ಟು ವರ್ಷ ಬಂದವರನ್ನು, ಹೋದವರನ್ನು
ಗಳಿಗೆ ಸಮೇತ ಬರೆದಿಟ್ಟದ್ದು
ತನ್ನದನ್ನೂ ತಾನೇ ಬರೆದುಕೊಂಡಿತ್ತು, ಕೊನೆಯ ಸಾಲಿನಲ್ಲಿ,
ಇಂಗ್ಲಿಷಿನ ಒಂದೇ ಶಬ್ದ, ಮುಂದೆ ಚುಕ್ಕಿಯೂ ಇಲ್ಲ.
ಅದನ್ನು ರಿಜಿಸ್ಟರಿಗೆ ಇಳಿಸುವಾಗ
ಹೋಗ್ತೇನೆ ಎಂದು ಬರೆಯಲು ಕೈ ಬರಲಿಲ್ಲ.
ಗಂಟೆ ಹನ್ನೊಂದೂ ಹತ್ತು, ಭರತ ಏರುತ್ತಿದೆ,
ಬರ್ತೇನೆ ಅಂದಿತು, ಎಂದು ಬರೆದೆ.

ಪುರಸು ಹೊಸ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ.
ಬೆರಳಿನಿಂದ ನಾಲ್ಕೂ ಬದಿ ಸವರಿದ.
"ಅಕ್ಕಾ, ಇದರ ಬಾಗಿಲು ಯಾವ ಕಡೆ?
ಹೂವು ಎಲ್ಲಿಡೋದು?"